ಕುಲುಮೆಯ ಊರಿನಲ್ಲಿ ನೋಡತಕ್ಕದ್ದೇನು?

ಪ್ರವಾಸ ಸಾಹಿತ್ಯವು ನಮ್ಮ ಭಾಷೆಗೆ ಹೊಸದಲ್ಲ. ಕ್ಷೇತ್ರ ಮಹಾತ್ಮೆಗಳೂ ಸ್ಥಳಪುರಾಣಗಳೂ ಒಂದು ಬಗೆಯ ಪ್ರವಾಸ ಸಾಹಿತ್ಯವೇ ಸರಿ. ಅವುಗಳಲ್ಲಿ ಅತಿಶಯೋಕ್ತಿಯು ಎಷ್ಟೇ ಇದ್ದರೂ ಒಂದು ಗುಣವು ನಿಶ್ಚಯವಾಗಿ ಇತ್ತು. ಆ ಊರು ಏತಕ್ಕಾಗಿ ಹುಟ್ಟಿತೆಂಬದನ್ನು ಅವು ಮೊದಲು ಹೇಳುತ್ತಿದ್ದವು; ಅಲ್ಲಿಗೆ ಹೋದವನು ಏನು ಮಾಡಬೇಕೆಂಬದನ್ನು ಆಮೇಲೆ ಹೇಳುತ್ತಿದ್ದವು. ಈಗ ಆ ಸ್ಥಾನವನ್ನು ಬೇರೊಂದು ಪ್ರಕಾರವು ಆಕ್ರಮಿಸಿದೆ. ಅದೇ ‘ಪ್ರೇಕ್ಷಣೀಯ ಸ್ಥಳಗಳ ಪಟ್ಟಿ’. ಕೈಪಿಡಿಗಳಲ್ಲಿ, ಪತ್ರಿಕೆಗಳ ರವಿವಾರದ ಪುರವಣಿಗಳಲ್ಲಿ, ವಸತಿಗೃಹಗಳ ಗೋಡೆಗಳ ಮೇಲೆ ಅದು ಎಲ್ಲೆಡೆಯೂ ಕಾಣುವದು. ಇದನ್ನು ಸಾಹಿತ್ಯವೆಂದು ಯಾರೂ ಎಣಿಸರು. ಆದಕಾರಣವೇ ಅದು ವಿಮರ್ಶೆಯ ಕೈಗೆ ಸಿಗದೆ ಬೆಳೆದಿದೆ. ಆದರೆ ಕಾವ್ಯವನ್ನು ಓದುವವನೊಬ್ಬನಿದ್ದರೆ ಪಟ್ಟಿಯನ್ನು ಓದುವವರು ನೂರು ಜನ. ನಾಡನ್ನು ಯಾವ ಕಣ್ಣಿನಿಂದ ನೋಡಬೇಕೆಂಬ ಪಾಠವನ್ನು ಆ ನೂರು ಜನರಿಗೆ ಕಲಿಸುತ್ತಿರುವದು ಪಟ್ಟಿಯೇ. ಆ ಪಾಠವು ಸರಿಯಾದುದೋ ಅಲ್ಲವೋ ಎಂಬದನ್ನು ಒಂದು ಊರಿನ ಮೂಲಕ ಪರೀಕ್ಷಿಸಿ ನೋಡುವದು ಈ ಲೇಖನದ ಉದ್ದೇಶ. ಆ ಊರು ಭದ್ರಾವತಿ.

ಭದ್ರಾವತಿಯಲ್ಲಿ ನೋಡತಕ್ಕದ್ದೇನೆಂದು ಪಟ್ಟಿಯನ್ನು ಕೇಳಿದರೆ ಉತ್ತರವು ಸಾಮಾನ್ಯವಾಗಿ ಹೀಗಿರುತ್ತದೆ: ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಲಕ್ಕವಳ್ಳಿಯ ಹತ್ತಿರದ ಭದ್ರಾ ಆಣೆಕಟ್ಟು, ಅದರಾಚೆಗಿನ ಅಭಯಾರಣ್ಯ, ಕೆಮ್ಮಣ್ಣುಗುಂಡಿಯ ಗಿರಿಧಾಮ, ಹೆಬ್ಬೆ, ಕಲ್ಲತ್ತಿಗಿರಿಗಳ ಜಲಪಾತಗಳು. ಇವು ಯಾವವೂ ಸುಳ್ಳಲ್ಲ. ಲಕ್ಷ್ಮೀನರಸಿಂಹ ದೇವಾಲಯವು ಹದಿಮೂರನೆಯ ಶತಮಾನದ ಒಳ್ಳೆಯ ತ್ರಿಕೂಟಾಚಲ. ಐಹೊಳೆ ಪಟ್ಟದಕಲ್ಲುಗಳನ್ನು ಬಲ್ಲ ನಮ್ಮ ಭಾಗದ ರಸಿಕರಿಗೂ ಅದು ಬೇಸರ ತರದು. ಆದರೆ ಪಟ್ಟಿಯನ್ನು ಓದಿ ಮುಗಿಸಿದವನಿಗೆ ಆ ಊರಿನಲ್ಲಿ ಕಬ್ಬಿಣವೆಂಬುದೊಂದು ಇತ್ತೆಂಬದೇ ತಿಳಿಯುವದಿಲ್ಲ. ತಿಳಿದರೂ ‘ಉಕ್ಕಿನ ನಗರ’ವೆಂಬ ಒಂದು ವಿಶೇಷಣದಿಂದ ಮಾತು ಮುಗಿಯುವದು. ಮನೆಯ ಯಜಮಾನನನ್ನು ಬಿಟ್ಟು ನೆರೆಹೊರೆಯವರನ್ನೆಲ್ಲ ಪರಿಚಯಿಸಿದಂತಾಯಿತು.

ಆ ಯಜಮಾನನ ವೃತ್ತಾಂತವನ್ನು ಸ್ವಲ್ಪದರಲ್ಲಿ ಹೇಳಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1918ರಲ್ಲಿ, ಭದ್ರಾ ನದಿಯ ದಂಡೆಯ ಮೇಲೆ ಈ ಕಾರಖಾನೆಯ ಕೆಲಸವು ಆರಂಭವಾಯಿತು. 1923ರ ಜಾನೇವಾರಿ 18ರಂದು ಅದು ನಡೆಯತೊಡಗಿತು. ಕಲ್ಲಿದ್ದಲಿನ ಗಣಿಗಳು ಬಂಗಾಲ ಬಿಹಾರಗಳಷ್ಟು ದೂರ. ಮಲೆನಾಡಿನ ಕಾಡು ಮಾತ್ರ ಬಾಗಿಲಲ್ಲಿಯೇ ಇತ್ತು. ಆದುದರಿಂದ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಸಿ ಇದ್ದಲು ಮಾಡಿ, ಆ ಇದ್ದಲಿನಿಂದಲೇ ಊದುಕುಲುಮೆಯನ್ನು ಉರಿಸುವ ಏರ್ಪಾಡಾಯಿತು. ಕಾಸುವಾಗ ಹೊರಡುವ ಹೊಗೆಯನ್ನೂ ವ್ಯರ್ಥವಾಗಗೊಡದೆ ಅದರಿಂದ ಮರದ ಸಾರಾಯವನ್ನೂ ಡಾಂಬರನ್ನೂ ಇಳಿಸುತ್ತಿದ್ದರು. ಕಾರಖಾನೆಯ ಮೊದಲಿನ ಹೆಸರಿನಲ್ಲಿಯೇ ಮರದ ಭಟ್ಟಿಯೂ ಕಬ್ಬಿಣವೂ ಜೊತೆಯಾಗಿದ್ದವು. ವಿಶ್ವೇಶ್ವರಯ್ಯನವರು 1923ರಿಂದ 1929ರ ವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. 1936ರಲ್ಲಿ ಉಕ್ಕಿನ ತಯಾರಿಕೆ ಸುರುವಾಯಿತು. ಒಂದು ದೇಶೀಯ ಸಂಸ್ಥಾನವು ತನ್ನ ಕಾಡು, ತನ್ನ ಬೆಟ್ಟ, ತನ್ನ ಹೊಳೆ ಇವುಗಳಿಂದಲೇ ಲೋಹವನ್ನು ಕರಗಿಸಿ ಎರಕಹೊಯ್ದ ಈ ಸಾಹಸವು ಪಟ್ಟಿಯಲ್ಲಿ ಒಂದು ಸಾಲಿಗೂ ಯೋಗ್ಯವಲ್ಲವೇ?

ಪಟ್ಟಿಯ ದೋಷವು ಬಿಟ್ಟುದರಲ್ಲಿ ಮಾತ್ರವಿಲ್ಲ, ಹೇಳಿದುದರಲ್ಲಿಯೂ ಇದೆ. ಕೆಮ್ಮಣ್ಣುಗುಂಡಿಯನ್ನೇ ನೋಡೋಣ. ಪಟ್ಟಿಯು ಅದನ್ನು ತಂಪು ಹವೆಯ, ಹೂದೋಟದ, ಮಂಜು ಮುಸುಕಿದ ಬೆಟ್ಟವೆಂದು ವರ್ಣಿಸುತ್ತದೆ. ಆದರೆ ಹೆಸರನ್ನು ಬಿಡಿಸಿ ಓದಿದರೆ ಸಾಕು: ಕೆಂಪು, ಮಣ್ಣು, ಗುಂಡಿ! ಭದ್ರಾವತಿಯ ಕುಲುಮೆಗೆ ಅದಿರು ಇಳಿದು ಬಂದದ್ದು ಈ ಬಾಬಾಬುಡನ್ ಗಿರಿಸಾಲಿನಿಂದಲೇ. ತಂತಿಯ ಹಾದಿಯ ಮೇಲೆ ತೂಗಾಡುತ್ತ ಬೆಟ್ಟವಿಳಿದು, ಪುಟ್ಟ ರೈಲುಬಂಡಿಯಲ್ಲಿ ಅದು ಊರಿಗೆ ಸಾಗುತ್ತಿತ್ತು. ಕನ್ನಡವು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡ ಸತ್ಯವನ್ನು ಕನ್ನಡದ ಪಟ್ಟಿಯೇ ಮರೆಯಿತು. ಊರಿನ ಹಳೆಯ ಹೆಸರಿನ ಗತಿಯೂ ಇದೇ. ಭದ್ರಾವತಿಯು ಮೊದಲು ಬೆಂಕಿಪುರವಾಗಿತ್ತು. ಆ ಹೆಸರಿನ ಮೂಲವನ್ನು ಸ್ಥಳಪುರಾಣವು ಒಬ್ಬ ಋಷಿಯಲ್ಲಿ ಕಾಣುವದಾದರೂ, ಬೆಂಕಿಯ ಕೆಲಸಕ್ಕೆ ಇಂಥ ಹೆಸರಿನ ಊರೇ ಸಿಕ್ಕಿತೆಂಬುದನ್ನು ಗಮನಿಸದ ಲೇಖಕನನ್ನು ರಸಿಕನೆನ್ನುವದು ಹೇಗೆ?

ಸಾಹಿತ್ಯಾಭಿಮಾನಿಗಳಿಗೆ ಇನ್ನೊಂದು ಹೆಚ್ಚು ನೋವಿನ ವಿಷಯವಿದೆ. ಅದೇ ಊರಿನಲ್ಲಿ 1936ರಲ್ಲಿ ಮೈಸೂರು ಕಾಗದದ ಕಾರಖಾನೆಯು ಸ್ಥಾಪಿತವಾಯಿತು. 1980ರ ದಶಕದಿಂದ ಅದು ಪತ್ರಿಕಾ ಕಾಗದವನ್ನೂ ತಯಾರಿಸಿತು. ನಮ್ಮ ನಾಡಿನ ಅಕ್ಷರಗಳು ಕುಳಿತುಕೊಂಡ ಹಾಳೆಗಳಲ್ಲಿ ಎಷ್ಟೋ ಭಾಗವು ಅಲ್ಲಿಂದಲೇ ಬಂದುದು. 2015ರ ಸುಮಾರಿಗೆ ಅದರ ಯಂತ್ರಗಳು ನಿಂತುಹೋದವು. ‘ಪೇಪರ್ ಟೌನ್’ ಎಂಬ ಬಡಾವಣೆಯ ಹೆಸರು ಮಾತ್ರ ಉಳಿಯಿತು. ಕವಿಗಳ ಜನ್ಮಸ್ಥಾನಗಳನ್ನು ಹುಡುಕಿಕೊಂಡು ಹೋಗುವ ನಾವು ಕಾಗದದ ಜನ್ಮಸ್ಥಾನವನ್ನು ಒಮ್ಮೆಯೂ ಕೇಳಲಿಲ್ಲ.

‘ಹಿಂದಿನ ಉಕ್ಕಿನ ನಗರ’ವೆಂದು ಕೆಲವರು ಬರೆಯತೊಡಗಿದ್ದಾರೆ. ಈ ‘ಹಿಂದಿನ’ ಎಂಬ ವಿಶೇಷಣವನ್ನು ಸಹ ವಿಚಾರಿಸಬೇಕು. ಕಾರಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿ, 1998ರಲ್ಲಿ ಅದರಲ್ಲಿ ಲೀನವಾಯಿತು. 2023ರ ಜಾನೇವಾರಿಯಲ್ಲಿ, ಎಂದರೆ ಕುಲುಮೆಗೆ ನೂರು ವರ್ಷ ತುಂಬಿದ ತಿಂಗಳಿನಲ್ಲಿಯೇ, ಅದನ್ನು ಮುಚ್ಚುವ ನಿರ್ಣಯವಾಯಿತು. ಗುತ್ತಿಗೆಯ ಕಾರ್ಮಿಕರು ಬಾಗಿಲ ಮುಂದೆ ಧರಣಿ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಸರಳು ಎಳೆಯುವ ವಿಭಾಗವು ಮತ್ತೆ ಸದ್ದು ಮಾಡಿತು. 2024ರ ಜೂನಿನಲ್ಲಿ ಕೇಂದ್ರದ ಉಕ್ಕು ಸಚಿವರು ಸ್ವತಃ ಬಂದು ಪುನರುಜ್ಜೀವನದ ಮಾತನಾಡಿದರು. ಇಷ್ಟೆಲ್ಲ ನಡೆದ ಊರನ್ನು ಒಂದು ವಿಶೇಷಣದಿಂದ ಭೂತಕಾಲಕ್ಕೆ ತಳ್ಳುವದು ಬರವಣಿಗೆಯ ಸೋಮಾರಿತನವಲ್ಲದೆ ಮತ್ತೇನು? ಹಾಸಿಗೆಯಲ್ಲಿರುವವನಿಗೆ ವೈದ್ಯನು ಔಷಧ ಕೊಡುತ್ತಿರುವಾಗಲೇ ನೆರೆಯವರು ಶ್ರಾದ್ಧದ ಅಡಿಗೆಗೆ ಅಣಿಯಾದಂತೆ ಇದು.

ನಮ್ಮ ಮಾತಿಗೆ ಮೂರು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ಕಾರಖಾನೆಯ ಒಳಗೆ ಸಾಮಾನ್ಯರಿಗೆ ಪ್ರವೇಶವಿಲ್ಲ, ನೋಡುವದು ಹೇಗೆ? ಗರ್ಭಗುಡಿಯೊಳಗೂ ಎಲ್ಲರಿಗೆ ಪ್ರವೇಶವಿಲ್ಲ. ಆದರೂ ಗುಡಿಗೆ ಹೋಗುವದನ್ನು ನಾವು ಬಿಟ್ಟಿಲ್ಲ. ಹೊರಗಿನಿಂದ ಕಾಣುವ ಚಿಮಣಿಯೂ, ಕಾರ್ಮಿಕರ ಮನೆಗಳ ಸಾಲುಗಳೂ, ನ್ಯೂ ಟೌನಿನ ಬೀದಿಗಳೂ ನೋಡಬಲ್ಲವನಿಗೆ ಬಹಳ ಹೇಳುವವು. ಎರಡನೆಯದು: ತುಕ್ಕು ಹಿಡಿದ ಕಬ್ಬಿಣದಲ್ಲಿ ಸೌಂದರ್ಯವೆಲ್ಲಿ? ಮುರಿದ ಮೂಗಿನ ಮದನಿಕೆಯಲ್ಲಿ ಸೌಂದರ್ಯವನ್ನು ಕಾಣಲು ನಾವು ಕಲಿತದ್ದೂ ಯಾರೋ ಬರೆದು ತಿಳಿಸಿದ ಮೇಲೆಯೇ. ಮೂರನೆಯದೇ ನಿಜವಾಗಿ ಭಾರವಾದ ಆಕ್ಷೇಪಣೆ: ಆ ಕುಲುಮೆಯು ಕಾಡನ್ನು ತಿಂದಿತು, ಕಾಗದದ ಕಾರಖಾನೆಗಾಗಿ ಸಹಜಾರಣ್ಯದ ನಾಡಿನಲ್ಲಿ ನೀಲಗಿರಿ, ಅಕೇಶಿಯಾಗಳ ನೆಡುತೋಪುಗಳು ಹಬ್ಬಿದವು, ಹೊಳೆಯು ಹೊಲಸಾಯಿತು. ಇದು ಪೂರ್ತಿ ಒಪ್ಪತಕ್ಕ ಮಾತು. ಆದರೆ ಇದರಿಂದ ಸಿದ್ಧವಾಗುವದೇನು? ಕಾರಖಾನೆಯನ್ನು ಪಟ್ಟಿಯಿಂದ ಬಿಡಬೇಕೆಂಬದಲ್ಲ. ಅದನ್ನು ಲೆಕ್ಕಸಹಿತ ನೋಡಬೇಕೆಂಬದು. ಅಭಯಾರಣ್ಯವನ್ನು ತೋರಿಸಿ, ಕಡಿದುಹೋದ ಅರಣ್ಯವನ್ನು ಮರೆಮಾಡುವ ಪಟ್ಟಿಯು ಕಾಡಿಗೂ ನ್ಯಾಯ ಮಾಡಿಲ್ಲ, ಕಬ್ಬಿಣಕ್ಕೂ ಮಾಡಿಲ್ಲ.

ಪರದೇಶಗಳಲ್ಲಿ ಈ ಪ್ರಶ್ನೆಯನ್ನು ಹೇಗೆ ಬಿಡಿಸಿದ್ದಾರೆ? ಜರ್ಮನಿಯ ಸಾರ್ ಪ್ರಾಂತದ ಫೋಲ್ಕ್‌ಲಿಂಗನ್ನಿನ ಕಬ್ಬಿಣದ ಕಾರಖಾನೆಯು 1986ರಲ್ಲಿ ನಿಂತಿತು. 1994ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ಸೇರಿದ ಪಟ್ಟಿಯೂ ಅದೇ ಎಂಬದನ್ನು ವಾಚಕರು ನೆನೆಯಬೇಕು. ಅಮೇರಿಕೆಯ ಬೆತ್ಲೆಹೆಮ್ ಎಂಬ ಊರಿನಲ್ಲಿ 1995ರಲ್ಲಿ ಆರಿದ ಐದು ಊದುಕುಲುಮೆಗಳು ಇನ್ನೂ ನಿಂತಿವೆ; ಅವುಗಳ ಮುಂದೆ ಸಂಗೀತದ ವೇದಿಕೆಯಿದೆ, ಅದಿರಿನ ಬಂಡಿಗಳು ಓಡುತ್ತಿದ್ದ ಎತ್ತರದ ಸೇತುವೆಯ ಮೇಲೆ ಈಗ ಜನರು ನಡೆದಾಡುವರು. ಆದರೆ ಅದೇ ಕಾರಖಾನೆಯ ನೆಲದ ಮೇಲೆ 2009ರಲ್ಲಿ ಜೂಜಿನ ಮನೆಯೂ ಎದ್ದಿತು. ಆದಕಾರಣ ಪಶ್ಚಿಮದವರು ಮಾಡಿದುದೆಲ್ಲವೂ ಅನುಕರಣೀಯವಲ್ಲ. ಅವರಿಂದ ಕಲಿಯತಕ್ಕದ್ದು ಒಂದೇ: ದುಡಿದ ಜಾಗವೂ ದರ್ಶನಕ್ಕೆ ಯೋಗ್ಯವೆಂಬ ಭಾವನೆ.

ಈ ಭಾವನೆಯನ್ನು ಪಶ್ಚಿಮದಿಂದ ತರಿಸಿಕೊಳ್ಳಬೇಕಾಗಿ ಬಂದುದೇ, ಕೂಡಲಸಂಗಮದ ನೆರಳಿನಲ್ಲಿ ಬಾಳುವ ನಮಗೆ, ನಾಚಿಕೆಯ ಸಂಗತಿ. ಕಾಯಕವೆಂಬ ಶಬ್ದಕ್ಕೆ ಹೊಸ ತೇಜಸ್ಸು ಬಂದುದು ಬಸವಣ್ಣನವರಿಂದ. ಆ ಕಾಲದ ಶರಣರ ಹೆಸರುಗಳೇ ಕಸುಬಿನ ಹೆಸರುಗಳು: ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ. ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ಬಾಳಿದವನು. ಭದ್ರಾವತಿಯ ಇದ್ದಲಿನ ಭಟ್ಟಿಗೆ ಕಟ್ಟಿಗೆ ಹೊತ್ತವರನ್ನು ಅವನು ಪರಕೀಯರೆಂದು ತಿಳಿಯುತ್ತಿದ್ದನೇ? ಇಷ್ಟಾಗಿಯೂ ಕೂಡಲಸಂಗಮದ ವಿಷಯದಲ್ಲಿ ಸಹ ನಮ್ಮ ಪಟ್ಟಿಗಳು ಅದೇ ಅಭ್ಯಾಸದವು. ಸಂಗಮನಾಥನ ಗುಡಿ, ಐಕ್ಯಮಂಟಪ, ನದಿಯ ನೋಟ, ಮುಗಿಯಿತು. ಐಕ್ಯಮಂಟಪವು ನೀರಿನ ನಡುವೆ ಬಾವಿಯಂಥ ಗೋಡೆಯೊಳಗೆ ಏಕೆ ನಿಂತಿದೆ, ನಾರಾಯಣಪುರದ ಆಣೆಕಟ್ಟಿನ ಹಿನ್ನೀರು ಯಾರ ಹೊಲಗಳನ್ನು ಮುಚ್ಚಿತು, ಆಲಮಟ್ಟಿಯ ನೀರಿಗಾಗಿ ಬಾಗಲಕೋಟೆಯು ತನ್ನ ಹಳೆಯ ಬೀದಿಗಳನ್ನು ತೊರೆದು ನವನಗರಕ್ಕೆ ಏಕೆ ಎದ್ದಿತು ಎಂಬದನ್ನು ಹೇಳುವ ಪಟ್ಟಿಯು ಅಪರೂಪ. ಊರನ್ನು ಕಳೆದುಕೊಳ್ಳುವದೆಂದರೇನೆಂಬದನ್ನು ಬಲ್ಲ ಜಿಲ್ಲೆಯವರಾದ ನಾವು ಭದ್ರಾವತಿಯ ಮನೆಗಳ ಆತಂಕವನ್ನು ಉಳಿದವರಿಗಿಂತ ಬೇಗನೆ ಅರಿಯಬೇಕು.

ಹಾಗಾದರೆ ಅಲ್ಲಿಗೆ ಹೋದವನು ಮಾಡತಕ್ಕದ್ದೇನು? ಪಟ್ಟಿಯನ್ನು ಹರಿದುಹಾಕುವದು ಬೇಡ. ಅದರ ಕ್ರಮವನ್ನು ತಿರುಗಿಸಿದರೆ ಸಾಕು. ಮೊದಲು ಕೆಮ್ಮಣ್ಣುಗುಂಡಿಗೆ ಹೋಗಿ, ಹೂವನ್ನು ನೋಡುವ ಮೊದಲು ಮಣ್ಣನ್ನು ನೋಡಬೇಕು. ಬಳಿಕ ಅದಿರು ಇಳಿದ ದಿಕ್ಕನ್ನೇ ಹಿಡಿದು ಕಾಡಿನ ಅಂಚಿನಿಂದ ಊರಿಗೆ ಬರಬೇಕು. ಕಾರಖಾನೆಯ ಬಾಗಿಲ ಬಳಿ ನಿಂತು, ಅಲ್ಲಿ ದುಡಿದ ಹಿರಿಯರೊಬ್ಬರು ಸಿಕ್ಕರೆ ಎರಡು ಮಾತು ಕೇಳಬೇಕು. ಇದ್ದಲು, ಮೂಸೆ, ಎರಕ, ಕಿಟ್ಟ ಮೊದಲಾದ ಶಬ್ದಗಳು ನಮಗೆ ನಿಘಂಟಿನ ಶಬ್ದಗಳು. ಅವರಿಗೆ ಬಾಳಿನ ಶಬ್ದಗಳು. ಕಾರಖಾನೆಯನ್ನು ಹರಾಜಿನಲ್ಲಿ ಮಾರಿದ ದಿನ ಕಬ್ಬಿಣಕ್ಕೆ ಬೆಲೆ ಸಿಕ್ಕೀತು. ಈ ಶಬ್ದಗಳಿಗೆ ಸಿಕ್ಕದು. ಅವುಗಳನ್ನು ಕೂಡಿಡುವದು ಸಾಹಿತ್ಯ ಸಂಘಗಳ ಕೆಲಸವೇ ಹೊರತು ಉಕ್ಕಿನ ಇಲಾಖೆಯದಲ್ಲ. ಅನಂತರ ಲಕ್ಷ್ಮೀನರಸಿಂಹನ ಗುಡಿಗೆ ಹೋದರೆ ಅಲ್ಲಿಯ ಕಲ್ಲನ್ನೂ ಒಬ್ಬನು ಕೈಯಿಂದ ಕೆತ್ತಿದನು, ಅವನ ಉಳಿಯನ್ನೂ ಯಾವನೋ ಒಬ್ಬ ಕಮ್ಮಾರನು ತಟ್ಟಿ ಕೊಟ್ಟನು ಎಂಬ ಅರಿವು ತಾನಾಗಿಯೇ ಹುಟ್ಟುವದು.

ಕೊನೆಗೆ, ಕಾಲವಿದ್ದರೆ, ಹೊಳೆಹೊನ್ನೂರಿನ ಹತ್ತಿರದ ಕೂಡಲಿಗೆ ಹೋಗಬೇಕು. ಅಲ್ಲಿ ತುಂಗೆಯೂ ಭದ್ರೆಯೂ ಕೂಡುವವು. ಅಲ್ಲಿಯೂ ಒಬ್ಬ ಸಂಗಮೇಶ್ವರನಿದ್ದಾನೆ. ಕುಲುಮೆಯ ಊರನ್ನು ಹಾದು ಬಂದ ಆ ನೀರು ತುಂಗಭದ್ರೆಯಾಗಿ ಬಹುದೂರ ಹರಿದು, ನಮ್ಮ ಕೂಡಲವನ್ನು ದಾಟಿ ಮುಂದೆ ಹೋದ ಕೃಷ್ಣೆಯನ್ನು ಆಲಂಪುರದಾಚೆಗೆ ಸೇರುವದು. ನೀರಿನ ಲೆಕ್ಕದಲ್ಲಿ ಭದ್ರಾವತಿಯು ನಮಗೆ ಬೇರೆಯ ನಾಡಲ್ಲ. ಬರವಣಿಗೆಯ ಲೆಕ್ಕದಲ್ಲಿ ಮಾತ್ರ ಅದು ಇನ್ನೂ ಬೇರೆಯಾಗಿಯೇ ಉಳಿದಿದೆ. ಆ ಊರಿಗೆ ಒಂದು ಯೋಗ್ಯವಾದ ಸ್ಥಳವರ್ಣನೆಯನ್ನು, ಅದರ ಕುಲುಮೆ, ಕಾಗದ, ಕಾಡು, ಕಾರ್ಮಿಕರು ಇವೆಲ್ಲವನ್ನೂ ಒಳಗೊಂಡುದನ್ನು, ಬಲ್ಲವರು ಯಾರಾದರೂ ಬೇಗನೆ ಬರೆಯಲಿ. ಕಂಡವರು ಇನ್ನೂ ಬದುಕಿರುವಾಗ ಬರೆದರೆ ಅದು ಚರಿತ್ರೆಯಾಗುವದು; ತಡಮಾಡಿದರೆ ಅದೂ ಮತ್ತೊಂದು ಸ್ಥಳಪುರಾಣವಾಗುವದು.