ಕಂಟ್ರೋಲ್-ಸಿ ನಿಲ್ಲಿಸುವ ಕೀ

ಹೊಸ ಲಿನಕ್ಸ್ ಯಂತ್ರ ಕೈಗೆ ಬಂದ ಕೂಡಲೇ ಟರ್ಮಿನಲ್‌ನ ಸೆಟ್ಟಿಂಗ್ ತೆರೆದು ಕಾಪಿಗೆ ಕಂಟ್ರೋಲ್-ಸಿ, ಪೇಸ್ಟಿಗೆ ಕಂಟ್ರೋಲ್-ವಿ ಮಾಡಿಕೊಳ್ಳಬೇಕು ಎಂಬುದು ಈಗ ಬಹುತೇಕ ಎಲ್ಲರೂ ಒಪ್ಪಿದ ಮಾತು. ವರ್ಡ್, ಎಕ್ಸೆಲ್, ಬ್ರೌಸರ್ ಎಲ್ಲದರಲ್ಲೂ ಒಂದೇ ಶಾರ್ಟ್‌ಕಟ್ ಇರುವಾಗ ಟರ್ಮಿನಲ್‌ಗೆ ಮಾತ್ರ ನಡುವೆ ಒಂದು ಶಿಫ್ಟ್ ಯಾಕೆ, ಇದು ಹಳಬರ ಹಟ ಎನ್ನುತ್ತಾರೆ. ಬಲ್ಲವರೂ ಹೀಗೆ ಹೇಳುವುದನ್ನು ಕೇಳಿದ್ದೇನೆ. ಅವರ ಅನುಭವಕ್ಕೆ ಗೌರವ ಕೊಟ್ಟೇ ಹೇಳುತ್ತೇನೆ: ಈ ಸಲಹೆ ತಪ್ಪು. ಹೊಸಬರಿಗೆ ಕೊಟ್ಟಾಗಲಂತೂ ಅಪಾಯಕಾರಿ.

ಈ ಅಭಿಪ್ರಾಯ ಎಷ್ಟು ಸಹಜವಾಗಿ ಬೆಳೆಯಿತು ಎಂಬುದನ್ನು ಮಹಾರಾಷ್ಟ್ರದಲ್ಲಿ ಚೆನ್ನಾಗಿ ಕಾಣಬಹುದು. 2001ರಲ್ಲಿ ಎಂಎಸ್-ಸಿಐಟಿ ಕೋರ್ಸ್ ಶುರುವಾದ ಮೇಲೆ ನಾಸಿಕ್, ಈಗಿನ ಛತ್ರಪತಿ ಸಂಭಾಜಿನಗರದಂಥ ಊರುಗಳಲ್ಲಿ ಒಂದು ತಲೆಮಾರು ಕಂಪ್ಯೂಟರ್ ಕಲಿತದ್ದೇ ವಿಂಡೋಸ್ ಮೇಲೆ. ನಮ್ಮ ಬೀದರ್, ಕಲಬುರಗಿಯ ಹುಡುಗರ ಬೆರಳು ಪಳಗಿದ್ದೂ ಹಾಗೆಯೇ. ಅದೇ ಬೆರಳುಗಳು ಮುಂದೆ ನಾಸಿಕ್, ಸಂಭಾಜಿನಗರಗಳ ಕೈಗಾರಿಕಾ ಪ್ರದೇಶಗಳಾದ ಅಂಬಡ, ಸಾತಪುರ, ವಾಳೂಜದ ಯಾವುದೋ ಕಾರ್ಖಾನೆಯ ಐಟಿ ವಿಭಾಗದಲ್ಲಿ ಕೂತು ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗುತ್ತವೆ. ಓಡುತ್ತಿರುವ ಬ್ಯಾಕಪ್‌ನ ಒಂದು ಸಾಲನ್ನು ಸಿಲೆಕ್ಟ್ ಮಾಡಿ, ಅಭ್ಯಾಸಬಲದಿಂದ ಕಂಟ್ರೋಲ್-ಸಿ ಒತ್ತುತ್ತವೆ. ಬ್ಯಾಕಪ್ ಅಲ್ಲೇ ಸಾಯುತ್ತದೆ. ನನ್ನ ಎದುರಿನವರ ವಾದದಲ್ಲಿ ನಿಜಕ್ಕೂ ತೂಕವಿರುವ ಅಂಶ ಇದೊಂದೇ. ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ರೋಗ ಇದೆಯೆಂದು ಹೇಳಿದ ಮಾತ್ರಕ್ಕೆ ಮದ್ದು ಸರಿಯಾಗುವುದಿಲ್ಲ. ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಎಂಬುದು ಶಾರ್ಟ್‌ಕಟ್ಟೇ ಅಲ್ಲ, ಅದೊಂದು ಅಕ್ಷರ. ಸಿ ಇಂಗ್ಲಿಷ್ ವರ್ಣಮಾಲೆಯ ಮೂರನೆಯ ಅಕ್ಷರವಾದ್ದರಿಂದ ಕಂಟ್ರೋಲ್ ಜೊತೆ ಒತ್ತಿದಾಗ ಆಸ್ಕಿಯ 3 ಹೋಗುತ್ತದೆ. ವಿ ಒತ್ತಿದರೆ 22. ಈ 3 ಬಂದದ್ದನ್ನು ಕಂಡ ಕರ್ನಲ್, ಮುಂದೆ ಓಡುತ್ತಿರುವ ಪ್ರೋಗ್ರಾಮಿಗೆ ನಿಲ್ಲು ಎಂಬ ಸಿಗ್ನಲ್ ಕಳಿಸುತ್ತದೆ. ಕಾಪಿ-ಪೇಸ್ಟಿನ ಕಥೆ ಬೇರೆಯೇ. ಅದು ರೂಪುಗೊಂಡದ್ದು 1970ರ ದಶಕದ ನಡುವಿನಲ್ಲಿ, ಝೆರಾಕ್ಸ್ ಪಾರ್ಕ್‌ನಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಮಾಡಿದ ಜಿಪ್ಸಿ ಎಡಿಟರ್‌ನಲ್ಲಿ. 1983ರ ಲಿಸಾ, 1984ರ ಮ್ಯಾಕಿಂಟಾಷ್‌ಗಳಲ್ಲಿ ಆಪಲ್ ಇದಕ್ಕೆ ತನ್ನದೇ ಬೇರೆ ಕೀ ಇಟ್ಟಿತು. ಇವತ್ತಿಗೂ ಮ್ಯಾಕ್‌ನಲ್ಲಿ ಕಮಾಂಡ್-ಸಿ ಕಾಪಿ, ಕಂಟ್ರೋಲ್-ಸಿ ನಿಲುಗಡೆ, ಜಗಳವೇ ಇಲ್ಲ. ಐಬಿಎಂ 1987ರಲ್ಲಿ ತಂದ ನಿಯಮಾವಳಿಯಲ್ಲೂ ಕಾಪಿಗೆ ಕಂಟ್ರೋಲ್-ಇನ್ಸರ್ಟ್, ಪೇಸ್ಟಿಗೆ ಶಿಫ್ಟ್-ಇನ್ಸರ್ಟ್ ಇತ್ತು. ಕಾಪಿಯನ್ನು ಕಂಟ್ರೋಲ್-ಸಿಯ ಮೇಲೆ ತಂದು ಕೂರಿಸಿ ಜಗತ್ತಿಗೆಲ್ಲ ರೂಢಿ ಮಾಡಿಸಿದ್ದು ವಿಂಡೋಸ್. ಹಾಗಾಗಿ ಟರ್ಮಿನಲ್ ರೂಢಿ ತಪ್ಪಿದೆ ಎಂಬ ದೂರಿನಲ್ಲಿ ಇತಿಹಾಸವೇ ತಲೆಕೆಳಗಾಗಿದೆ.

ಶಿಫ್ಟ್ ಸೇರಿಸಿದ್ದಕ್ಕೂ ಕಾರಣವಿದೆ. ಆಸ್ಕಿಯ ಲೆಕ್ಕದಲ್ಲಿ ಕಂಟ್ರೋಲ್ ಜೊತೆ ಚಿಕ್ಕ ಸಿ ಒತ್ತಿದರೂ ದೊಡ್ಡ ಸಿ ಒತ್ತಿದರೂ ಹೋಗುವುದು ಅದೇ 3. ಅಂದರೆ ಕಂಟ್ರೋಲ್-ಶಿಫ್ಟ್-ಸಿ ಯಾರಿಗೂ ಬೇಡವಾಗಿ ಖಾಲಿ ಬಿದ್ದಿದ್ದ ಜಾಗ. ಗ್ನೋಮ್ ಟರ್ಮಿನಲ್, ಕಾನ್ಸೋಲ್, ಭಾರತದವರೇ ಆದ ಕೋವಿದ್ ಗೋಯಲ್ ಬರೆದ ಕಿಟ್ಟಿ, ಎಲ್ಲವೂ ಅದನ್ನೇ ಹಿಡಿದದ್ದು ಒಳಗಿನ ಪ್ರೋಗ್ರಾಮಿನಿಂದ ಏನನ್ನೂ ಕಸಿಯದೆ. ಕಂಟ್ರೋಲ್-ಸಿಯನ್ನೇ ಕಾಪಿಗೆ ಕೊಟ್ಟರೆ ಈ ಮರ್ಯಾದೆ ಮುರಿಯುತ್ತದೆ. ಇಮ್ಯಾಕ್ಸ್‌ನಿಂದ ಹೊರಬರುವ ಕ್ರಮ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಸಿ; ನ್ಯಾನೋದಲ್ಲಿ ಹುಡುಕಾಟ ರದ್ದು ಮಾಡುವುದೂ ಕಂಟ್ರೋಲ್-ಸಿ. ನಿಲ್ಲಿಸುವ ಕೆಲಸವನ್ನು ಬೇರೆ ಕೀಗೆ ವರ್ಗಾಯಿಸಿದರಾಯಿತು ಎನ್ನುವವರು ಇದನ್ನು ಮರೆಯುತ್ತಾರೆ: ಕರ್ನಲ್ ಒಪ್ಪಿಕೊಂಡೀತು, ಈ ಎಡಿಟರ್‌ಗಳು ಕಾಯುವುದು ಆ 3ಕ್ಕೇ.

ಹಾಗಾದರೆ ಸಿಲೆಕ್ಷನ್ ಇದ್ದಾಗ ಕಾಪಿ, ಇಲ್ಲದಾಗ ನಿಲುಗಡೆ, ಎಂದು ವಿಂಡೋಸ್ ಟರ್ಮಿನಲ್ ಮಾಡಿರುವ ರಾಜಿ? ಇದನ್ನು ಹೊಗಳುವವರೇ ಹೆಚ್ಚು, ಹೊಸಬರನ್ನು ಅದು ಕಾಪಾಡುವುದೂ ನಿಜ. ನನ್ನ ತಕರಾರು ಇಷ್ಟು. ತಪ್ಪು ಫೋಲ್ಡರ್‌ನಲ್ಲಿ ಡಿಲೀಟ್ ಕಮಾಂಡ್ ಓಡತೊಡಗಿದೆ, ಕೆಲವು ಸಾಲುಗಳ ಹಿಂದೆ ನೀವು ಸಿಲೆಕ್ಟ್ ಮಾಡಿದ್ದ ಒಂದು ಪದ ಹಾಗೇ ಉಳಿದಿದೆ. ಕಂಟ್ರೋಲ್-ಸಿ ಒತ್ತುತ್ತೀರಿ. ಪದ ಕಾಪಿಯಾಗಿ ಸಿಲೆಕ್ಷನ್ ಅಳಿಯುತ್ತದೆ, ಡಿಲೀಟ್ ಓಡುತ್ತಲೇ ಇರುತ್ತದೆ. ಎರಡನೆಯ ಸಲ ಒತ್ತಿದಾಗ ನಿಲ್ಲುತ್ತದೆ, ಅಷ್ಟರಲ್ಲಿ ಹೋಗಬೇಕಾದದ್ದು ಹೋಗಿರುತ್ತದೆ. ವಾಳೂಜದ ಪ್ರೆಸ್ ಮೆಷಿನ್ ಮೇಲಿನ ಕೆಂಪು ಎಮರ್ಜೆನ್ಸಿ ಬಟನ್‌ಗೆ ಎರಡನೆಯ ಕೆಲಸ ಹಚ್ಚಲು ಯಾವ ಸೂಪರ್‌ವೈಸರ್ ಒಪ್ಪುತ್ತಾನೆ?

ಹೊಸಬರ ಕಷ್ಟಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಮೊದಲಿನಿಂದಲೂ ಇದೆ. ಟರ್ಮಿನಲ್‌ನಲ್ಲಿ ಕಾಪಿಗೆ ಕೀಯೇ ಬೇಕಿಲ್ಲ, ಸಿಲೆಕ್ಟ್ ಮಾಡಿದರೆ ಸಾಕು. ಪುಟ್ಟಿ ಮಾಡುವುದು ಅದನ್ನೇ. ಕಿಟ್ಟಿ, ಅಲಾಕ್ರಿಟಿ, ವಿಂಡೋಸ್ ಟರ್ಮಿನಲ್‌ಗಳಲ್ಲಿ ಇದಕ್ಕೆ ಆಯ್ಕೆ ಇದೆ. ಹಳೆಯ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಸಿಲೆಕ್ಟ್ ಮಾಡಿದ್ದು ಪ್ರೈಮರಿ ಎಂಬ ಜಾಗಕ್ಕೆ, ಕಾಪಿ ಮಾಡಿದ್ದು ಕ್ಲಿಪ್‌ಬೋರ್ಡ್‌ಗೆ ಹೋಗುತ್ತವೆ. ಎರಡೆರಡು ಯಾಕೆ ಎಂದು ಗೊಣಗುವವರು ಇದರ ಲಾಭ ನೋಡಿಲ್ಲ: ಒಂದು ಸಾಲು ಸಿಲೆಕ್ಟ್ ಮಾಡಿದ್ದಕ್ಕೆ ಮೊದಲು ಕಾಪಿ ಮಾಡಿಟ್ಟ ವಿಳಾಸ ಅಳಿಸಿಹೋಗುವುದಿಲ್ಲ.

ಈ ಗಲಾಟೆಯಲ್ಲಿ ಯಾರೂ ಮಾತಾಡದೇ ಉಳಿದಿರುವುದು ಪೇಸ್ಟ್. ಕಾಪಿ ತಪ್ಪಿದರೆ ಒಂದು ಕೆಲಸ ನಿಂತೀತು. ಪೇಸ್ಟ್ ತಪ್ಪಿದರೆ ನಿಮ್ಮದಲ್ಲದ ಕಮಾಂಡ್ ನಿಮ್ಮ ಹೆಸರಿನಲ್ಲಿ ಓಡುತ್ತದೆ. ಪಠ್ಯದ ಕೊನೆಯಲ್ಲಿ ಅಂಟಿಕೊಂಡ ಒಂದು ಹೊಸಸಾಲನ್ನು ಹಳೆಯ ಶೆಲ್ ಎಂಟರ್ ಎಂದೇ ತಿಳಿಯುತ್ತದೆ. ಪುಟ್ಟಿಯಲ್ಲಿ ಮೌಸ್‌ನ ಬಲಗುಂಡಿ ಅಕಸ್ಮಾತ್ ತಾಗಿದರೂ ಇಷ್ಟೂ ಆಗಿಬಿಡುತ್ತದೆ. ಇದನ್ನು ತಡೆಯುವುದು ಬ್ರ್ಯಾಕೆಟೆಡ್ ಪೇಸ್ಟ್: ಪೇಸ್ಟ್ ಆದ ಪಠ್ಯದ ಹಿಂದೆ ಮುಂದೆ ಟರ್ಮಿನಲ್ ಗುರುತು ಹಚ್ಚುತ್ತದೆ, ನೀವೇ ಎಂಟರ್ ಒತ್ತುವವರೆಗೆ ಶೆಲ್ ಕಾಯುತ್ತದೆ. ಬ್ಯಾಶ್‌ನಲ್ಲಿ ಇದು ತಾನಾಗಿ ಚಾಲೂ ಇರತೊಡಗಿದ್ದು 2020ರ 5.1 ಆವೃತ್ತಿಯಿಂದ. 2024ರ ಜೂನ್‌ನಲ್ಲಿ ಬೆಂಬಲ ಮುಗಿದ ಸೆಂಟ್‌ಓಎಸ್ 7ರ ಬ್ಯಾಶ್ 4.2ರಲ್ಲಿ ಇದು ಇಲ್ಲವೇ ಇಲ್ಲ. ಅದನ್ನೇ ಇನ್ನೂ ಓಡಿಸುತ್ತಿರುವವರು ಶಾರ್ಟ್‌ಕಟ್ ಬದಲಿಸುವ ಮೊದಲು ಇದರ ಬಗ್ಗೆ ಯೋಚಿಸಲಿ. ಕಂಟ್ರೋಲ್-ವಿ ಬಗ್ಗೆ ನನಗೆ ಅಷ್ಟು ಬಿಗಿಯಿಲ್ಲ: ವಿಮ್‌ನಲ್ಲಿ ಬ್ಲಾಕ್ ಸಿಲೆಕ್ಟ್ ಮಾಡದವರು ಅದನ್ನು ಪೇಸ್ಟಿಗೆ ಕೊಟ್ಟುಕೊಳ್ಳಲಿ. ಸಿ ಮತ್ತು ವಿ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕೆಂಬ ನಿಯಮವೇನಿಲ್ಲ.

ನಮ್ಮ ಕಡೆಯವರಿಗೂ ಒಂದು ಮಾತು. ಶಿಫ್ಟ್ ಸೇರಿಸಿದ್ದರಿಂದ ಎಲ್ಲವೂ ಬಗೆಹರಿಯಿತು ಎನ್ನುವುದು ಸರಿಯಲ್ಲ. ಅದೇ ಕಂಟ್ರೋಲ್-ಶಿಫ್ಟ್-ಸಿ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಡೆವಲಪರ್ ಟೂಲ್ ತೆರೆಯುತ್ತದೆ. ದಿನವಿಡೀ ಎರಡರ ನಡುವೆ ಓಡಾಡುವವರಿಗೆ ಅದು ದೊಡ್ಡ ಕಿರಿಕಿರಿ. ಇನ್‌ಸ್ಕ್ರಿಪ್ಟ್‌ನಲ್ಲಿ ಟೈಪ್ ಮಾಡುವವರ ಪಾಡು ಇನ್ನೊಂದು. ಅಲ್ಲಿ ಸಿ ಕೀ ಮೇಲೆ ಇರುವುದು ಕನ್ನಡಕ್ಕೆ ಮ, ಮರಾಠಿಗೂ ಅದೇ ಮ. ಕೀಯನ್ನು ಅಕ್ಷರದಿಂದ ಗುರುತಿಸುವ ಕೆಲವು ಟರ್ಮಿನಲ್‌ಗಳಲ್ಲಿ ಆ ಲೇಔಟ್ ಚಾಲೂ ಇರುವಾಗ ಶಾರ್ಟ್‌ಕಟ್ ಕೆಲಸವನ್ನೇ ಮಾಡುವುದಿಲ್ಲ. ಬೆಂಗಳೂರಾಗಲಿ ನಾಸಿಕ್ ಆಗಲಿ, ನಮ್ಮ ಭಾಷೆಯಲ್ಲಿ ಬರೆಯುವವರಿಗೆ ಯಾವ ಭಾಷೆಗೂ ಸೇರದ ಇನ್ಸರ್ಟ್ ಕೀಯೇ ಸೂಕ್ತ. ಲ್ಯಾಪ್‌ಟಾಪ್‌ನಲ್ಲಿ ಅದು ಇಲ್ಲದಿದ್ದರೆ ಬದಲಾಯಿಸಬೇಕಾದ್ದು ಕಂಟ್ರೋಲ್ ಅಲ್ಲ: ಸೂಪರ್ ಕೀ ಜೊತೆ ಕಾಪಿ-ಪೇಸ್ಟ್ ಕಟ್ಟಿಕೊಳ್ಳಿ. ಗ್ನೋಮ್ ಬಳಸುವವರು ನೋಟಿಫಿಕೇಶನ್‌ಗೆ ಮೀಸಲಾಗಿರುವ ಸೂಪರ್-ವಿಯನ್ನು ಮೊದಲು ಬಿಡಿಸಿಕೊಳ್ಳಬೇಕು.

ಲ್ಯಾಬ್‌ಗಳಲ್ಲಿ ಲಿನಕ್ಸ್ ಕಲಿಸುವವರಲ್ಲಿ ನನ್ನ ಕೋರಿಕೆ: ಇನ್‌ಸ್ಟಾಲ್ ಮಾಡುವಾಗ ಕಂಟ್ರೋಲ್-ಸಿಯನ್ನು ಕಾಪಿಗೆ ಕಟ್ಟಿಕೊಡುವ ಪರಿಪಾಠ ಬಿಡಿ. ಮೊದಲ ತರಗತಿಯಲ್ಲೇ ಎಂದೂ ಮುಗಿಯದ ಒಂದು ಪಿಂಗ್ ಓಡಿಸಿ, ವಿದ್ಯಾರ್ಥಿಯ ಕೈಯಿಂದಲೇ ಕಂಟ್ರೋಲ್-ಸಿ ಒತ್ತಿಸಿ ಅದನ್ನು ನಿಲ್ಲಿಸಿ.