ಬಿಸಿಲುನಾಡಿನಲ್ಲಿ ಕಡಲ ಹೂ

ಸಾಕಿದ ಮೀನು ಸತ್ತರೆ ವಯಸ್ಸಾಗಿತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಕಡಲ ಹೂವಿನ ವಿಷಯದಲ್ಲಿ, ಅಂದರೆ ಅಂಗಡಿಯವರು ಅನಿಮೋನ್ ಎಂದು ಮಾರುವ ಜೀವಿಯ ವಿಷಯದಲ್ಲಿ, ಆ ಮಾತು ನಡೆಯುವುದಿಲ್ಲ. ಸ್ಕಾಟ್ಲೆಂಡಿನ ಜಾನ್ ಗ್ರಹಾಂ ಡಾಲ್ಯೆಲ್ 1828ರಲ್ಲಿ ಕಡಲ ದಂಡೆಯಿಂದ ತಂದು ಗಾಜಿನ ಜಾಡಿಯಲ್ಲಿಟ್ಟ ಒಂದು ಅನಿಮೋನ್, ಆತ ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟಿ, ‘ಗ್ರ್ಯಾನಿ’ ಎಂದು ಹೆಸರಾಗಿ, 1887ರವರೆಗೆ ಬದುಕಿತ್ತು. ಅದಕ್ಕೆ ಪಂಪೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ. ಬೇಸರಿಸದೆ ನೀರು ಬದಲಿಸುವವರಿದ್ದರು. ಈ ಹವ್ಯಾಸವನ್ನು ಅಳೆಯಲು ನನಗೆ ಇದಕ್ಕಿಂತ ಬೇರೆ ಅಳತೆಗೋಲು ಬೇಡ. ಆರು ತಿಂಗಳಲ್ಲಿ ಅನಿಮೋನ್ ಕರಗಿಹೋಯಿತು ಎಂದರೆ ಅದಕ್ಕೆ ಆಯಸ್ಸು ಮುಗಿದಿರಲಿಲ್ಲ, ನಾವು ಸಾಕಿದ್ದು ಸರಿಯಿರಲಿಲ್ಲ.

ಯಾದಗಿರಿ, ಶಹಾಪುರ, ಸುರಪುರದಂಥ ಕಡೆ ಈ ಹವ್ಯಾಸಕ್ಕೆ ಏನು ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಯಾವ ದಿಕ್ಕಿಗೆ ಹೋದರೂ ಕಡಲು ಮುನ್ನೂರು ಕಿಲೋಮೀಟರಿಗಿಂತ ಆಚೆ. ಆದರೆ ಈ ಹವ್ಯಾಸ ಹಬ್ಬಿದ್ದೇ ಕಡಲಿನಿಂದ ದೂರ ಇದ್ದವರಲ್ಲಿ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದ ಆಡಳಿತವನ್ನು ಎಳೆಯ ರಾಜ ವೆಂಕಟಪ್ಪ ನಾಯಕನಿಗೆ ಒಪ್ಪಿಸಿದ 1853ರಲ್ಲೇ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ಬಾಗಿಲು ತೆರೆಯಿತು. ಅದರ ಬೆನ್ನಿಗಿದ್ದ ಫಿಲಿಪ್ ಹೆನ್ರಿ ಗಾಸ್, ಕಡಲ ನೀರನ್ನು ನಗರಕ್ಕೆ ಹೊರುವ ಖರ್ಚು ತಪ್ಪಿಸಲು ಲವಣಗಳನ್ನು ಬೆರೆಸಿ ಉಪ್ಪುನೀರು ಮಾಡುವ ವಿಧಾನವನ್ನೂ ಪ್ರಕಟಿಸಿದ. ಅವನ ಪುಸ್ತಕಗಳನ್ನು ಓದಿದ ಜನ ಇಂಗ್ಲೆಂಡಿನ ಬಂಡೆಗುಂಡಿಗಳನ್ನು ಬರಿದು ಮಾಡಿದರು. ಮಗ ಎಡ್ಮಂಡ್ ಮುಂದೆ ಅದನ್ನು ನೆನೆದು ಮರುಗಿದ್ದಾನೆ. ಹವ್ಯಾಸದ ಗುಣವೂ ದೋಷವೂ ಆಗಲೇ ಕಾಣಿಸಿಕೊಂಡಿದ್ದವು.

ನಮ್ಮ ಕಡೆ ಮೊದಲ ತೊಡಕು ನೀರು. ಬೋರ್ ನೀರಿನ ಗಡಸುತನ, ಫ್ಲೋರೈಡ್ ಇಲ್ಲಿನವರಿಗೆ ಹೊಸ ಸಂಗತಿಗಳಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಆರ್ಸೆನಿಕ್‌ನಿಂದಲೇ ಸುದ್ದಿಯಾದ ಊರು. ಇಂಥ ನೀರಿಗೆ ಉಪ್ಪು ಬೆರೆಸಿದರೆ ಅದು ಕಡಲ ನೀರಾಗುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದರೆ ಅರ್ಧ ಕೆಲಸ ಮುಗಿದಂತೆ. ಆದರೆ ಆ ನೀರಿನಲ್ಲೂ ಲವಣದ ಅಂಶ ಸ್ವಲ್ಪ ಉಳಿದಿರುತ್ತದೆ. ನೀರನ್ನು ಲವಣ ಹೀರುವ ಡಿಐ ರೆಸಿನ್ ಮೂಲಕ ಹಾಯಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆ ಸಮುದ್ರದ ಸಾಲ್ಟ್ ಮಿಕ್ಸ್ ಬೆರೆಸಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಿಂದ ಬರಬೇಕು? ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕ, ಸಾಂದ್ರತೆ 1.025ರ ಆಸುಪಾಸು. 200 ಲೀಟರಿನ ಟ್ಯಾಂಕಿಗೆ ಏಳು ಕೆಜಿ ಸಾಲ್ಟ್ ಬೇಕು. ವಾರಕ್ಕೆ ಹತ್ತನೇ ಒಂದು ಭಾಗ ಬದಲಿಸಿದರೆ 20 ಲೀಟರಿನ ಒಂದು ಕ್ಯಾನು, ಮುಕ್ಕಾಲು ಕೆಜಿಯಷ್ಟು ಸಾಲ್ಟು. ತಿಂಗಳ ಖರ್ಚಿನಲ್ಲಿ ಇದು ದುಬಾರಿಯೇ, ಅಸಾಧ್ಯವೇನಲ್ಲ.

ಎರಡನೆಯದು ಬಿಸಿಲು. ಏಪ್ರಿಲ್, ಮೇನಲ್ಲಿ ಹೊರಗೆ 42 ಡಿಗ್ರಿ. ಅನಿಮೋನ್‌ಗೆ ಬೇಕಾದದ್ದು 25, 26. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಾಗಿದೆ. ಬೆಳಕಿನಲ್ಲಿ ಆಹಾರ ಮಾಡಿ ಮನೆಯ ಒಡೆಯನಿಗೂ ಉಣಿಸುವ ಬಾಡಿಗೆದಾರ ಅದು. ನೀರು ಕಾದಾಗ ಈ ಪಾಚಿಯಲ್ಲಿ ವಿಷಕಾರಿ ಆಮ್ಲಜನಕದ ರೂಪಗಳು ಹೆಚ್ಚುತ್ತವೆ, ಅನಿಮೋನ್ ಪಾಚಿಯನ್ನೇ ಹೊರಹಾಕುತ್ತದೆ, ಬಿಳಿಚಿಕೊಳ್ಳುತ್ತದೆ, ಮುಂದೆ ಹಸಿವಿನಿಂದ ಕುಗ್ಗುತ್ತದೆ. ಚಿಲ್ಲರ್ ಇದ್ದರೆ ನೆಮ್ಮದಿ. ಇಲ್ಲದಿದ್ದರೂ ಇಲ್ಲಿ ಒಂದು ಅನುಕೂಲವಿದೆ, ಮಂಗಳೂರಿನವರಿಗೆ ಇಲ್ಲದ್ದು: ನಮ್ಮ ಬೇಸಿಗೆಯ ಗಾಳಿ ಒಣಗಾಳಿ. ಮನೆಯ ಏರ್ ಕೂಲರ್ ಯಾಕೆ ಚೆನ್ನಾಗಿ ಕೆಲಸ ಮಾಡುತ್ತದೋ ಅದೇ ಕಾರಣಕ್ಕೆ ನೀರಿನ ಮೇಲೆ ತಿರುಗಿಸಿಟ್ಟ ಸಣ್ಣ ಫ್ಯಾನ್ ಕೂಡ ಟ್ಯಾಂಕನ್ನು ಕೆಲವು ಡಿಗ್ರಿ ಇಳಿಸುತ್ತದೆ. ಕಡಲತೀರದ ಒದ್ದೆ ಗಾಳಿಯಲ್ಲಿ ಅಷ್ಟು ಇಳಿಯದು. ಆದರೆ ನೀರು ಸರಸರ ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿದುಬಿಡುತ್ತದೆ. ಕಡಿಮೆಯಾದಷ್ಟಕ್ಕೆ ಉಪ್ಪುನೀರನ್ನೇ ಸುರಿದು ಸಾಂದ್ರತೆ ಏರಿಸಿ ಅನಿಮೋನ್ ಕೊಲ್ಲುವವರು ಕಡಿಮೆಯಿಲ್ಲ. ತುಂಬಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು, ಅದೂ ದಿನಾ. ಕರೆಂಟ್ ಹೋದಾಗ ಅಲೆ ಎಬ್ಬಿಸುವ ಪಂಪು ನಿಂತು ಆಮ್ಲಜನಕ ಇಳಿಯುತ್ತದೆ. ಟಿವಿಗಿಂತ ಮೊದಲು ಇನ್ವರ್ಟರ್ ಲೈನು ಟ್ಯಾಂಕಿಗೆ ಸಿಗಬೇಕು.

ನೀರು, ಬಿಸಿಲು ಎರಡಕ್ಕೂ ಹಾಗಾದರೆ ದಾರಿಯಿದೆ. ನನ್ನ ತಕರಾರು ಇರುವುದು ಕೊಳ್ಳುವ ರೀತಿಯ ಬಗ್ಗೆ. 2003ರ ‘ಫೈಂಡಿಂಗ್ ನೀಮೊ’ ಬಂದಾಗಿನಿಂದ ಕಿತ್ತಳೆ ಪಟ್ಟೆಯ ಕ್ಲೌನ್‌ಫಿಷ್ ಜೊತೆ ಅನಿಮೋನ್ ಇರಲೇಬೇಕು ಎಂಬ ಭ್ರಮೆ ಬೇರೂರಿದೆ. ಟ್ಯಾಂಕ್, ಮೀನು, ಅನಿಮೋನ್ ಒಂದೇ ದಿನ ಮನೆಗೆ ಬರುತ್ತವೆ. ಟ್ಯಾಂಕು ಮಾಗಲು, ಅಮೋನಿಯಾವನ್ನು ನೈಟ್ರೈಟ್ ಮಾಡಿ ಮುಂದೆ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಳೇ ಬೇಕು. ಅನಿಮೋನ್ ಇಡುವಷ್ಟು ಸ್ಥಿರವಾಗಲು ಇನ್ನೂ ತಿಂಗಳುಗಳು. ಅವಸರದಲ್ಲಿ ಇಟ್ಟ ಅನಿಮೋನ್ ಸತ್ತು ಕೊಳೆತರೆ ಅಮೋನಿಯಾ ಏರಿ ಮೀನುಗಳನ್ನೂ ಜೊತೆಗೆ ಕರೆದೊಯ್ಯುತ್ತದೆ.

ಬಣ್ಣದ ಮೋಹ ಇನ್ನೊಂದು. ಬೆಳ್ಳಗೆ ಹೊಳೆಯುವ ಅನಿಮೋನ್ ನೋಡಿ ಮರುಳಾಗಿ ಹೆಚ್ಚು ದುಡ್ಡು ಕೊಡುತ್ತೇವೆ. ಅದು ಪಾಚಿ ಕಳೆದುಕೊಂಡು ಉಪವಾಸ ಬಿದ್ದ ಜೀವ. ಕಣ್ಣು ಕೋರೈಸುವ ಹಳದಿ, ಗುಲಾಬಿ ಬಣ್ಣವಿದ್ದರೆ ಬಣ್ಣದ ನೀರಿನಲ್ಲಿ ಅದ್ದಿ ತೆಗೆದಿರುವ ಸಂಭವವೇ ಹೆಚ್ಚು. ಯಾರೂ ತಿರುಗಿ ನೋಡದ ಕಂದು ಬಣ್ಣದ್ದೇ ಆರೋಗ್ಯವಂತ. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಬುಡ ಹರಿದಿರಬಾರದು, ಆಹಾರ ತಾಗಿಸಿದರೆ ಎಸಳಿಗೆ ಅಂಟಿಕೊಳ್ಳಬೇಕು. ಆಗಾಗ ಮುದುಡಿ ಕೊಳೆ ಉಗುಳಿ ಮತ್ತೆ ಅರಳಿದರೆ ಗಾಬರಿ ಬೇಡ. ಬಾಯಿ ತೆರೆದೇ ಇದ್ದು, ಮೈ ಲೋಳೆಯಾಗಿ ನಾರಿದರೆ ತಡಮಾಡದೆ ತೆಗೆಯಬೇಕು. ಜಾಗ ಒಪ್ಪದಿದ್ದರೆ ಅದು ನಡೆಯಲು ಶುರುಮಾಡುತ್ತದೆ, ಪಂಪಿನ ಬಾಯಿಗೆ ಸಿಕ್ಕಿ ಚೂರಾಗುತ್ತದೆ. ಅಲ್ಲೊಂದು ಸ್ಪಂಜು ಹಾಕಿದರೆ ಮುಗಿಯಿತು. ವಾರಕ್ಕೆ ಒಂದೆರಡು ಸಲ ಉಗುರಿನಷ್ಟು ಸಿಗಡಿ ಚೂರು ಸಾಕು, ಉಳಿದದ್ದನ್ನು ಒಳ್ಳೆಯ ಬೆಳಕು ನೋಡಿಕೊಳ್ಳುತ್ತದೆ.

ಜಗತ್ತಿನ ಸಾವಿರಕ್ಕೂ ಮಿಕ್ಕ ಅನಿಮೋನ್ ಜಾತಿಗಳಲ್ಲಿ ಕ್ಲೌನ್‌ಫಿಷ್‌ಗೆ ಮನೆ ಕೊಡುವವು ಹತ್ತು. ಅವುಗಳಲ್ಲಿ ಬಬಲ್‌ಟಿಪ್ ಟ್ಯಾಂಕಿನಲ್ಲೇ ಎರಡಾಗಿ ಒಡೆದು ಹೆಚ್ಚುತ್ತದೆ; ಒಬ್ಬರ ಮನೆಯದು ಇನ್ನೊಬ್ಬರ ಮನೆಗೆ ಹೋಗಬಹುದು. ಹಾಸಿನಂತೆ ಹರಡುವ ಕಾರ್ಪೆಟ್ ಅನಿಮೋನ್ ಹಾಗಲ್ಲ. ಮಾರಾಟಕ್ಕೆ ಬರುವುದು ಬಹುಪಾಲು ಕಡಲಿನಿಂದ ಕಿತ್ತದ್ದು. ಫಿಲಿಪ್ಪೀನ್ಸ್‌ನ ಸೆಬು ಬಳಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ, ವ್ಯಾಪಾರಕ್ಕೆ ಹಿಡಿಯುವ ಜಾಗಗಳಲ್ಲಿ ಅನಿಮೋನ್ ಮತ್ತು ಅದರ ಮೀನು ಎರಡೂ ವಿರಳವಾಗಿರುವುದನ್ನು ತೋರಿಸಿತ್ತು. ಗಾಸ್‌ನ ಕಾಲದ ದೋಷ ವಾಸಿಯಾಗಿಲ್ಲ. ನಮ್ಮಲ್ಲಿ ಹವಳಕ್ಕೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ; ಟ್ಯಾಂಕಿಗೆ ಹವಳ ತರಲಾಗದವರ ಆಸೆಯೆಲ್ಲ ಅನಿಮೋನ್ ಮೇಲೆ ಬೀಳುತ್ತಿದೆ ಎಂಬುದು ನನ್ನ ಗುಮಾನಿ.

ಹಾಗಾಗಿ ಕಾರ್ಪೆಟ್ ಅನಿಮೋನ್ ಈ ಮೂರು ಊರುಗಳಲ್ಲಿ ಮಾತ್ರವಲ್ಲ, ಯಾವ ಊರಿನ ಮನೆಯಲ್ಲೂ ಬೇಡ ಎನ್ನುತ್ತೇನೆ. ಬಬಲ್‌ಟಿಪ್‌ಗೆ ಒಂದು ಷರತ್ತಿನ ಮೇಲೆ ಒಪ್ಪಿಗೆ: ಬರೀ ಮೀನಿಟ್ಟ ಉಪ್ಪುನೀರಿನ ಟ್ಯಾಂಕು ಒಂದು ಪೂರ್ತಿ ಬೇಸಿಗೆಯನ್ನು ಸಾವಿಲ್ಲದೆ ದಾಟಿರಬೇಕು. ಅನಿಮೋನ್ ತರದಿದ್ದರೆ ಮೀನಿಗೇನೂ ನಷ್ಟವಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಷ್ ಮರಿ ಮಾಡಿಸುವ ವಿಧಾನವನ್ನು ರೂಪಿಸಿ ವರ್ಷಗಳೇ ಆಗಿವೆ. ಹ್ಯಾಚರಿಯಲ್ಲಿ ಹುಟ್ಟಿದ ಮೀನು ಅನಿಮೋನ್ ಇಲ್ಲದೆಯೂ ಮೊಟ್ಟೆಯಿಡುತ್ತದೆ, ಒಂದು ಮಣ್ಣಿನ ಕುಂಡ ಕೊಟ್ಟರೆ ಅದಕ್ಕೆ ಸಾಕು.