ಹೃದಯದ ಬರವಣಿಗೆಯೂ ನಾಡಿಯ ಲೆಕ್ಕವೂ

ಕನ್ನಡದಲ್ಲಿ ವೈದ್ಯ ಸಾಹಿತ್ಯವಿಲ್ಲವೆಂದು ಯಾರೂ ದೂರುವಂತಿಲ್ಲ. ‘ರಾಶಿ’ಯವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ, ವೈದ್ಯರೊಬ್ಬರು ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ ಗ್ರಂಥವೂ ಸಾಹಿತ್ಯವೇ ಎಂಬುದು ಇತ್ಯರ್ಥವಾಯಿತು. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳು ಹೆಣ್ಣುಮಕ್ಕಳು ಡಾಕ್ಟರ ಎದುರಿಗೂ ಬಾಯಿಬಿಟ್ಟು ಹೇಳಲಾರದ ಸಂಗತಿಗಳಿಗೆ ಮನೆಮಾತಿನ ಪದಗಳನ್ನು ಒದಗಿಸಿದವು. ಇಂಥ ಪರಂಪರೆಯುಳ್ಳ ಭಾಷೆಯಲ್ಲಿ ಹೃದಯದ ವಿಚಾರ ಬಂದೊಡನೆ ಬರವಣಿಗೆ ಏಕೆ ಸೊರಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಹೃದಯವೆಂದರೆ ನಮ್ಮ ಆರೋಗ್ಯ ಅಂಕಣಕಾರರಿಗೆ ಹೃದಯಾಘಾತವೊಂದೇ. ಸಿನಿಮಾದಲ್ಲಿ ಮಗಳ ಮದುವೆ ಮುರಿದ ಸುದ್ದಿ ಕೇಳಿ ಅಪ್ಪ ಎದೆ ಹಿಡಿದು ಕುಸಿಯುತ್ತಾನಲ್ಲ, ಅದೇ ದೃಶ್ಯವನ್ನು ಇವರೂ ಬರೆಯುತ್ತಾರೆ. ಇದರಿಂದ ಉಪಕಾರವಾಗಿಲ್ಲವೆಂದಲ್ಲ; ಎದೆನೋವು ಎಡತೋಳಿಗೆ ಇಳಿದು ಬೆವರು ಕಿತ್ತರೆ ಶುಂಠಿಕಷಾಯ ಕಾಯಿಸುತ್ತ ಕೂರಬಾರದೆಂಬ ತಿಳಿವಳಿಕೆ ಹಳ್ಳಿ ಮನೆಗಳಿಗೂ ಮುಟ್ಟಿದ್ದರೆ ಅದರಲ್ಲಿ ಈ ಬರಹಗಳ ಪಾಲೂ ಇದೆ. ಆದರೆ ಆಘಾತ ಒಂದು ದಿನದ ಕಥೆ. ವರ್ಷಗಟ್ಟಲೆ ಜೊತೆಯಲ್ಲಿ ಬಾಳಬೇಕಾದ ಹೃದಯದ ಕಾಯಿಲೆಯೊಂದಿದೆ. ಇಂಗ್ಲಿಷಿನವರು ಅದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಅದರಲ್ಲಿ ಕುಸಿದು ಬೀಳುವ ನಾಟಕವಿಲ್ಲ. ಇರುವುದು ದಿನದಿನದ ಲೆಕ್ಕ. ಆ ಲೆಕ್ಕ ಬರೆಯಲು ಕಲಿಸುವ ಕನ್ನಡ ನಮ್ಮ ಕಣ್ಣಿಗೆ ಬಿದ್ದದ್ದು ತೀರ ಕಡಿಮೆ.

ಕಾಯಿಲೆಯ ಬಗೆಯನ್ನು ಮೊದಲು ಹೇಳಿಬಿಡಬೇಕು. ಹೃದಯದ ಮೇಲಿನ ಕೋಣೆಗಳಿಗೆ ನಮ್ಮ ಪಠ್ಯಪುಸ್ತಕಗಳು ಹೃತ್ಕರ್ಣವೆಂದೂ ಕೆಳಗಿನವಕ್ಕೆ ಹೃತ್ಕುಕ್ಷಿಯೆಂದೂ ಹೆಸರಿಟ್ಟಿವೆ. ಮೇಲಿನ ಕೋಣೆ ಒಂದು ಆಜ್ಞೆಗೆ ಒಮ್ಮೆ ಮಿಡಿಯುವುದನ್ನು ಬಿಟ್ಟು, ನಿಮಿಷಕ್ಕೆ 300ಕ್ಕೂ ಮೇಲ್ಪಟ್ಟು ಅಸ್ತವ್ಯಸ್ತ ಸಂಕೇತಗಳಿಂದ ಬರಿದೆ ನಡುಗತೊಡಗುತ್ತದೆ. ನಡುವೆ ಒಂದು ಕಾವಲುಗಟ್ಟು ಇರುವುದರಿಂದ ಅಷ್ಟೂ ಕೆಳಕ್ಕೆ ಇಳಿಯುವುದಿಲ್ಲ. ನಸುಕಿನಲ್ಲಿ ಕೋಯಂಬೇಡು ಮಾರುಕಟ್ಟೆಯ ಬಾಗಿಲ ಬಳಿ ನಿಂತು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲಾರಿಗಳೆಲ್ಲ ಒಟ್ಟಿಗೆ ನುಗ್ಗುತ್ತವೆ, ಬಾಗಿಲಲ್ಲಿ ಕೆಲವಕ್ಕೆ ಮಾತ್ರ ದಾರಿ ಸಿಗುತ್ತದೆ, ಒಳಗೆ ಮೂಟೆ ಬೀಳುವ ಸದ್ದಿಗೆ ಹೊತ್ತುಗೊತ್ತಿಲ್ಲ. ಮಣಿಕಟ್ಟಿನ ನಾಡಿಯೂ ಹಾಗೆಯೇ. ಇತ್ತ ನಡುಗುವ ಕೋಣೆಯ ಮೂಲೆಯಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗುತ್ತದೆ. ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಲಕ್ವ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳ ಕಾಲ ಗಮನಿಸಿ 1991ರಲ್ಲಿ ಪ್ರಕಟಿಸಿದ ವರದಿ ಈ ಅಪಾಯ ಸುಮಾರು ಐದು ಪಟ್ಟು ಹೆಚ್ಚೆಂದು ಹೇಳಿತು. ಆದ್ದರಿಂದಲೇ ಚಿಕಿತ್ಸೆಗೆ ಎರಡು ಕವಲು: ನಾಡಿಯ ವೇಗ ತಗ್ಗಿಸುವ ಮಾತ್ರೆ ಒಂದು, ಹೆಪ್ಪು ತಡೆಯುವ ಮಾತ್ರೆ ಇನ್ನೊಂದು. ಎರಡಕ್ಕೂ ಪ್ರಮಾಣವನ್ನು ನೋಡಿ ನೋಡಿ ಹೊಂದಿಸಬೇಕು.

ಇಲ್ಲಿ ಭಾಷೆಯ ತೊಡಕು ಶುರುವಾಗುತ್ತದೆ. ಎದೆ ಡವಡವ, ಎದೆ ಝಲ್ಲೆಂದಿತು, ಎದೆ ಹಾರಿತು: ಕನ್ನಡದಲ್ಲಿ ಎದೆಬಡಿತದ ಮಾತುಗಳೆಲ್ಲ ಭಯಕ್ಕೋ ಪ್ರೇಮಕ್ಕೋ ಮೀಸಲು. ‘ಎದೆ ಡವಡವ ಅನ್ನುತ್ತದೆಯೆ?’ ಎಂದು ಕೇಳಿದರೆ ನಮ್ಮ ಹಿರಿಯರು ‘ನನಗೇನೂ ಹೆದರಿಕೆಯಿಲ್ಲ’ ಎನ್ನುತ್ತಾರೆ. ಉತ್ತರ ಸುಳ್ಳಲ್ಲ, ಪ್ರಶ್ನೆಗೆ ಸೇರಿದ್ದೂ ಅಲ್ಲ. ಚೆನ್ನೈಯ ಡಾಕ್ಟರು ‘ಪಡಪಡಪ್ಪು’ ಎಂದರೂ ಅದೇ ಗತಿ. ಪತ್ರಿಕೆಗಳು ಆಗಾಗ ಬಳಸುವ ‘ತಾಳ ತಪ್ಪಿದ ಹೃದಯ’ ಎಂಬ ಮಾತು ಕೇಳಲು ಸೊಗಸು, ಆದರೆ ಅದೂ ಪೂರ್ತಿ ಸರಿಯಲ್ಲ. ತಾಳ ತಪ್ಪಬೇಕಾದರೆ ತಾಳ ಇರಬೇಕಷ್ಟೆ. ನಡುವೆ ಒಂದು ಬಡಿತ ಮುಂಚೆ ಬಂದು ಮತ್ತೆ ಲಯಕ್ಕೆ ಮರಳುವುದು ಬೇರೆ, ಬಹುಮಟ್ಟಿಗೆ ನಿರುಪದ್ರವಿ. ಇಲ್ಲಿರುವುದು ತಾಳವೇ ಇಲ್ಲದ ಬಡಿತ. ಈ ಭೇದ ಕನ್ನಡದಲ್ಲಿ ಸ್ಪಷ್ಟವಾದರೆ, ಬೆರಳಿಟ್ಟು ನೋಡಿದ ಸೊಸೆಯೇ ಅರ್ಧ ರೋಗವನ್ನು ಗುರುತಿಸಿಯಾಳು.

ಇನ್ನು ‘ರಕ್ತ ತೆಳುವಾಗುವ ಮಾತ್ರೆ’ ಎಂಬ ಪ್ರಯೋಗ. ಇದನ್ನು ಯಾರು ಮೊದಲು ಬರೆದರೋ, ಈಗ ಎಲ್ಲರ ಲೇಖನಿಯಲ್ಲಿ ಇದೇ. ಆ ಮಾತ್ರೆಯಿಂದ ರಕ್ತ ನೀರಾಗುವುದಿಲ್ಲ. ಹೆಪ್ಪುಗಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ಆದರೆ ನಮ್ಮ ಕಡೆ ರಕ್ತ ತೆಳುವಾಯಿತೆಂದರೆ ನಿಶ್ಶಕ್ತಿ ಎಂದರ್ಥ. ತೆಳುವಾದುದನ್ನು ಗಟ್ಟಿ ಮಾಡಬೇಡವೆ? ಸೊಪ್ಪು, ಬೀಟ್‌ರೂಟು, ದಾಳಿಂಬೆ ಮನೆಗೆ ಬರುತ್ತವೆ. ಒಂದು ಅಡ್ಡಾದಿಡ್ಡಿ ಅನುವಾದ ಅಡುಗೆಮನೆಯವರೆಗೆ ಕೈ ಚಾಚುವುದು ಹೀಗೆ.

ನಾವು ಕಂಡ ಒಂದು ಉದಾಹರಣೆಯನ್ನು ಹೇಳುವುದು ಅವಶ್ಯ. ಕೋಯಂಬೇಡಿನಲ್ಲಿ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಾಸನದ ಕಡೆಯ ಒಂದು ಸಂಸಾರ. ಮಗನ ಜೊತೆ ಇರಲು ಬಂದ ತಾಯಿಗೆ ಅರವತ್ತೆಂಟು; ಎಳವೆಯ ಕೀಲುವಾತದ ಜ್ವರದಿಂದ ಹೃದಯದ ಕವಾಟ ಕಿರಿದಾಗಿ, ಅದರ ಬೆನ್ನಿಗೆ ಈ ತಾಳವಿಲ್ಲದ ನಾಡಿ. ಅಸೆನೊಕುಮರಾಲ್ ಮಾತ್ರೆ ಶುರುವಾಯಿತು. ಕೋಯಂಬೇಡಿನಲ್ಲಿದ್ದು ಸೊಪ್ಪಿಗೆ ಬರವೆ? ಸಗಟು ಮಾರುಕಟ್ಟೆ 1996ರಲ್ಲಿ ಕೊತ್ತವಾಲ್ ಚಾವಡಿಯಿಂದ ಇಲ್ಲಿಗೆ ಬಂದಂದಿನಿಂದ ಸುತ್ತಲ ಬೀದಿಗಳಲ್ಲಿ ಮುಳೈಕೀರೆ, ಅರೈಕೀರೆ, ನುಗ್ಗೆಸೊಪ್ಪು ಕಟ್ಟುಕಟ್ಟಾಗಿ ಕಣ್ಣಿಗೆ ಬೀಳುತ್ತವೆ. ವಾರಕ್ಕೆ ನಾಲ್ಕು ದಿನ ಬಸ್ಸಾರು ಉಣ್ಣುತ್ತಿದ್ದ ಆಕೆಗೆ, ಆ ಊಟಕ್ಕೆ ಹೊಂದುವಂತೆ ಮಾತ್ರೆಯ ಪ್ರಮಾಣ ನಿಂತಿತು. ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐ.ಎನ್.ಆರ್. ಎಂಬ ಅಂಕಿ 2 ಮತ್ತು 3ರ ನಡುವೆ ಇರಬೇಕು, ಇತ್ತು. ಆಗ ಊರಿಂದ ಬಂದ ಪತ್ರಿಕೆಯೊಂದರ ಅಂಕಣದಲ್ಲಿ, ಇಂಥ ಮಾತ್ರೆ ನುಂಗುವವರಿಗೆ ಸೊಪ್ಪು ವರ್ಜ್ಯ ಎಂಬ ಉಪದೇಶ ಕಂಡಿತು. ಆಕೆ ಸೊಪ್ಪನ್ನು ಪೂರ್ತಿ ಬಿಟ್ಟರು. ಕೆಲವೇ ವಾರಗಳಲ್ಲಿ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಪರೀಕ್ಷೆಯಲ್ಲಿ 4.6. ಡಾಕ್ಟರು ಮಾತ್ರೆ ತಗ್ಗಿಸಿದರು. ಅಷ್ಟರಲ್ಲಿ ಯುಗಾದಿ ಬಂತು. ಊರಿಗೆ ಹೋಗಿ ಮೂರು ವಾರವಿದ್ದು, ‘ನಮ್ಮ ಹಿತ್ತಲದ್ದು ತಾನೆ’ ಎಂದು ದಿನವೂ ಸೊಪ್ಪಿನ ಹುಳಿ ಉಂಡು ಬಂದಾಗ ಅದೇ ಅಂಕಿ 1.4ಕ್ಕೆ ಇಳಿದಿತ್ತು. ಮೊದಲು ರಕ್ತಸ್ರಾವದ ಅಂಚು, ಆಮೇಲೆ ಲಕ್ವದ ಅಂಚು. ಮತ್ತೆ ಹದಕ್ಕೆ ಬರಲು ಎರಡು ತಿಂಗಳು, ಏಳು ಸಲ ಸೂಜಿ.

ಅಂಕಣಕಾರರು ಸುಳ್ಳು ಬರೆದರೆ? ಇಲ್ಲ. ಈ ಮಾತ್ರೆ ಕೆ ವಿಟಮಿನ್ನಿನ ಕೆಲಸಕ್ಕೆ ಅಡ್ಡ ಬರುವುದರ ಮೂಲಕವೇ ಹೆಪ್ಪನ್ನು ತಡೆಯುತ್ತದೆ. ಸೊಪ್ಪಿನಲ್ಲಿ ಆ ವಿಟಮಿನ್ ಹೇರಳ. ಎರಡಕ್ಕೂ ವೈರವಿರುವುದು ನಿಜ. ಆದರೆ ಅವರು ಓದುಗರ ಸಂಸ್ಕಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮಗೆ ಪಥ್ಯವೆಂದರೆ ಬಿಡುವುದು. ಉಪ್ಪು ಬಿಡು, ಹುಳಿ ಬಿಡು, ಏಕಾದಶಿಗೆ ಅನ್ನವನ್ನೇ ಬಿಡು. ಬಿಡುವುದರಲ್ಲಿ ನಾವು ನಿಸ್ಸೀಮರು. ಈ ಕಾಯಿಲೆ ಕೇಳುವುದು ಬಿಡುವುದನ್ನಲ್ಲ, ಒಂದೇ ಅಳತೆಯಲ್ಲಿ ಉಣ್ಣುತ್ತಿರುವುದನ್ನು. ವಾರಕ್ಕೆ ನಾಲ್ಕು ದಿನವಾದರೆ ನಾಲ್ಕೇ ದಿನ, ಊರಿನಲ್ಲೂ ಇಲ್ಲಿಯೂ. ಬದಲಾಯಿಸುವುದಾದರೆ ಡಾಕ್ಟರಿಗೆ ಹೇಳಿ. ಈ ಒಂದು ವಾಕ್ಯ ಆ ಅಂಕಣದಲ್ಲಿ ಇದ್ದಿದ್ದರೆ ಸಾಕಾಗಿತ್ತು. 2020ರ ಮೇ ತಿಂಗಳಲ್ಲಿ ಕೋವಿಡ್ ಹರಡಿ ಕೋಯಂಬೇಡು ಮಾರುಕಟ್ಟೆ ಮುಚ್ಚಿ, ತರಕಾರಿ ಸಗಟು ವ್ಯಾಪಾರ ತಿರುಮಳಿಸೈಗೆ ಹೋಗಿ ಸೆಪ್ಟೆಂಬರಿನವರೆಗೆ ಮರಳಲಿಲ್ಲ. ಆಗ ‘ಸೊಪ್ಪು ಸಿಗುತ್ತಿಲ್ಲ’ ಎಂಬುದು ಇಂಥ ಮನೆಗಳಲ್ಲಿ ಡಾಕ್ಟರಿಗೆ ತಿಳಿಸಬೇಕಾದ ಸುದ್ದಿಯಾಗಿತ್ತು. ಹಾಗೆಂದು ಯಾರಿಗೆ ಹೊಳೆದೀತು?

ಈ ಜಾತಿಯ ಮಾತ್ರೆಯ ಚರಿತ್ರೆ ಬಲ್ಲವರಿಗೆ ಈ ನಾಜೂಕು ಆಶ್ಚರ್ಯವಲ್ಲ. ಕೆಟ್ಟ ಮೇವು ತಿಂದು ರಕ್ತ ಸುರಿಸಿ ಸತ್ತ ದನಗಳ ಜಾಡು ಹಿಡಿದು ಹೊರಟ ವಿಸ್ಕಾನ್ಸಿನ್ನಿನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಶಾಲೆಯಿಂದ ವಾರ್ಫರಿನ್ ಬಂತು. 1948ರಲ್ಲಿ ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂದದ್ದು 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಐ.ಎನ್.ಆರ್. ನೋಡಬೇಕಿಲ್ಲದ ಹೊಸ ಮಾತ್ರೆಗಳು ಈಗ ಇವೆಯಲ್ಲ ಎಂದರೆ, ಇವೆ. ಅವಕ್ಕೆ ಮೂತ್ರಪಿಂಡದ ಮೇಲೆ ಕಣ್ಣಿಡಬೇಕು. ಆದರೆ ಕೀಲುವಾತದಿಂದ ಕವಾಟ ಕೆಟ್ಟವರಿಗೆ ಹಳೆಯದೇ ಮೇಲೆಂದು 24 ದೇಶಗಳಲ್ಲಿ ನಡೆದ ‘ಇನ್ವಿಕ್ಟಸ್’ ಪ್ರಯೋಗ 2022ರಲ್ಲಿ ತೋರಿಸಿತು. ಕೀಲುವಾತದ ಜ್ವರ ಇನ್ನೂ ಉಳಿದಿರುವ ನಮ್ಮಂಥ ದೇಶದಲ್ಲಿ ಇದನ್ನು ಬರೆಯದೆ ಹೊಸ ಮಾತ್ರೆಯ ಗುಣಗಾನ ಮಾತ್ರ ಬರೆಯುವುದು ಅರ್ಧ ಬರಹ.

ನಾಡಿಯ ವಿಷಯವೂ ಹೀಗೆಯೇ. ‘ದಿನವೂ ನಾಡಿ ನೋಡಿಕೊಳ್ಳಿ’ ಎಂದು ಬರೆಯುವವರು ಹೇಗೆಂದು ಬರೆಯುವುದಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಶಾಲೆಯ ಲೆಕ್ಕ ತಾಳವಿಲ್ಲದ ನಾಡಿಗೆ ಸಲ್ಲದು. ಐದು ನಿಮಿಷ ಸುಮ್ಮನೆ ಕೂತು, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎದೆಯಲ್ಲಿ ಆದ ಬಡಿತಗಳೆಲ್ಲ ಮಣಿಕಟ್ಟಿಗೆ ಮುಟ್ಟುವುದೂ ಇಲ್ಲ. ಮನೆಯ ರಕ್ತದೊತ್ತಡದ ಯಂತ್ರವೂ ಇವರ ಕೈಯಲ್ಲಿ ಸಲಕ್ಕೊಂದು ಅಂಕಿ ತೋರಿಸುವುದರಿಂದ ಮೂರು ಸಲ ನೋಡಿ ಸರಾಸರಿ ಬರೆಯುವುದು ಮೇಲು. ಅದಕ್ಕಿಂತ ದೊಡ್ಡ ತೊಡಕು ನಮ್ಮ ಪಾಠಗಳು ತಲೆಗೆ ತುಂಬಿದ ‘ಎಪ್ಪತ್ತೆರಡು’. ನಾಡಿ ತೊಂಬತ್ತಾದರೆ ಮನೆಯಲ್ಲಿ ಗಾಬರಿ; ತಾವೇ ಇನ್ನರ್ಧ ಮಾತ್ರೆ ಕೊಟ್ಟು, ಮರುದಿನ ನಾಡಿ ನಲವತ್ತೈದಕ್ಕೆ ಇಳಿದು ತಲೆಸುತ್ತಿದಾಗ ಮತ್ತೆ ಗಾಬರಿ. ನೆದರ್‌ಲೆಂಡ್ಸಿನಲ್ಲಿ 614 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದು, ಕೂತಾಗ 110ರ ಒಳಗಿಟ್ಟವರಿಗೂ 80ರ ಒಳಗೆ ಬಿಗಿಹಿಡಿದವರಿಗೂ ಫಲದಲ್ಲಿ ಹೆಚ್ಚುಕಡಿಮೆಯಿಲ್ಲವೆಂದು ಕಂಡಿತು. ತನಗೆ ಎಷ್ಟರವರೆಗೆ ಸರಿ ಎಂಬ ಅಂಕಿಯನ್ನು ಡಾಕ್ಟರಿಂದ ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡವರು ಸುಖಿಗಳು.

ಮಕ್ಕಳು ಅಮೆರಿಕದಿಂದ ಕಳಿಸುವ ಕೈಗಡಿಯಾರದ ಬಗ್ಗೆಯೂ ಒಂದು ಮಾತು. ಆಪಲ್ ಗಡಿಯಾರ ಕಟ್ಟಿಕೊಂಡ 4,19,297 ಮಂದಿಯ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಚ್ಚರಿಕೆ ಬಂದದ್ದು ಶೇಕಡ 0.52 ಮಂದಿಗೆ, ಅವರಲ್ಲಿ ಎದೆಗೆ ಪಟ್ಟಿ ಅಂಟಿಸಿ ಪರೀಕ್ಷೆ ಮುಗಿಸಿದವರ ಪೈಕಿ ಕಾಯಿಲೆ ಕಂಡದ್ದು ಶೇಕಡ 34ರಲ್ಲಿ. ಮೊದಲ ಸುಳಿವಿಗೆ ಅದು ಒಳ್ಳೆಯದೇ. ಕಾಯಿಲೆ ಗೊತ್ತಾದ ಮೇಲೂ ಗಂಟೆಗೊಮ್ಮೆ ಅದನ್ನೇ ನೋಡುತ್ತ ಕೂತರೆ, ನೋಡುವ ಆತಂಕಕ್ಕೇ ನಾಡಿ ಏರುತ್ತದೆ.

ನಮ್ಮಂಥ ಹೊರನಾಡ ಮನೆಗಳಿಗೆ ಇನ್ನೊಂದು ತೊಡಕುಂಟು. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಅದು ತೋಚುವಂತಿಲ್ಲ. ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯವನ ವಿವರಣೆ ತಮಿಳಿನಲ್ಲಿ, ನುಂಗುವವರು ಕನ್ನಡದವರು. ಈ ಮಾತ್ರೆಯನ್ನು ಕೆಲವು ವಾರ ಒಂದು ಬಗೆ, ಕೆಲವು ವಾರ ಇನ್ನೊಂದು ಬಗೆ ಎಂದು ಹಂಚಿ ಕೊಡುವುದುಂಟು. ‘ಸೆವ್ವಾಯ್’ ಎಂದರೆ ಮಂಗಳವಾರ, ‘ವಿಯಾಳನ್’ ಎಂದರೆ ಗುರುವಾರವೆಂದು ಹೊಸದಾಗಿ ಬಂದ ಅತ್ತೆಗೆ ಯಾರು ಹೇಳಬೇಕು? ತಮಿಳಿನ ‘ಪಾದಿ’ ಅರ್ಧ. ನಮ್ಮ ಹಳಬರ ಕಿವಿಗೆ ಅದು ‘ಪಾದ’, ಅಂದರೆ ಕಾಲು. ಅರ್ಧ ಕಾಲಾದರೆ ಸಾರಿನ ಹುಳಿಯಲ್ಲಿ ನಡೆದೀತು, ಇಲ್ಲಿ ನಡೆಯದು.

ಆದ್ದರಿಂದ ಕನ್ನಡದಲ್ಲಿ ಈ ಕಾಯಿಲೆಗೆ ಬೇಕಾಗಿರುವುದು ಇನ್ನೊಂದು ದಪ್ಪ ಪುಸ್ತಕವಲ್ಲ, ಒಂದೇ ಹಾಳೆ. ವಾರಗಳ ಹೆಸರು ಕನ್ನಡದಲ್ಲಿ, ಪಕ್ಕದಲ್ಲಿ ತಮಿಳಿನ ಹೆಸರು ಕನ್ನಡ ಲಿಪಿಯಲ್ಲಿ. ನುಂಗಿದ ಮಾತ್ರೆ ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ. ಮರೆತ ದಿನ ‘ಮರೆತೆ’ ಎಂದು ಬರೆಯಲು ಜಾಗ, ಮರುದಿನ ಎರಡು ನುಂಗಬಾರದೆಂಬ ಸೂಚನೆ. ನಾಡಿ, ಒತ್ತಡ, ಐ.ಎನ್.ಆರ್.; ಮಂಡಿನೋವಿಗೆಂದು ಅಂಗಡಿಯಿಂದ ತಂದ ಮಾತ್ರೆ ಯಾವುದು (ರಕ್ತಸ್ರಾವಕ್ಕೆ ಇದೊಂದು ದೊಡ್ಡ ಕಾರಣ); ಮಲ ಕಪ್ಪಾಯಿತೆ, ಮೂತ್ರ ಕೆಂಪಾಯಿತೆ. ಬಸ್ಸು ಹತ್ತಿ ಊರಿಗೆ ಹೋಗುವಾಗ ಹಾಳೆ ಚೀಲದಲ್ಲಿರಬೇಕು. ಅಲ್ಲಿಯ ಡಾಕ್ಟರು ಓದುವಂತಿರಬೇಕು. ಕೊನೆಯ ಕಲಮು ಸೊಪ್ಪಿಗೆ.